ಮರವೂ ಬಗ್ಗಿದ ನಾಡು

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಎಳೆತನದಲ್ಲಿ ಕಲಿಯದವನು ಮುಪ್ಪಿನಲ್ಲಿ ಏನು ಕಲಿತಾನು ಎಂಬುದು ಅದರ ತಾತ್ಪರ್ಯ. ಗಾದೆಗಳು ಅನುಭವದ ಸಾರವೆಂಬುದು ನಿಜ. ಆದರೆ ಎಲ್ಲ ಗಾದೆಗಳೂ ಎಲ್ಲ ಊರಿಗೂ ಎಲ್ಲ ಕಾಲಕ್ಕೂ ಸಲ್ಲಬೇಕೆಂಬ ಕಟ್ಟಳೆಯೇನೂ ಇಲ್ಲ. ನಾನು ಪಾಠ ಹೇಳಿಕೊಂಡಿರುವ ಬೀದರ ಜಿಲ್ಲೆಯ ಚರಿತ್ರೆಯನ್ನು ತಿರುವಿ ನೋಡಿದರೆ, ಈ ಗಾದೆಗೆ ಎದುರಾಗಿ ನಿಲ್ಲುವ ಸಾಕ್ಷ್ಯಗಳು ಒಂದೆರಡಲ್ಲ. ಇಲ್ಲಿ ಮರವೂ ಬಗ್ಗಿದೆ. ಬಗ್ಗಿಸಿದ್ದು ಹಲವು ಸಲ ಗಿಡವೇ. ಅಂದರೆ ಹಿರಿಯರಿಗೆ ಕಿರಿಯರು ಕಲಿಸಿದ್ದಾರೆ, ಕಿರಿಯರಿಗೆ ಹಿರಿಯರು ಕಲಿಸಿದ್ದಾರೆ. ಎರಡೂ ಮನೆಯ ಒಳಗಡೆ ಮಾತ್ರವಲ್ಲ, ಊರ ನಡುವೆ, ಹತ್ತು ಜನರ ಎದುರಿನಲ್ಲಿ ನಡೆದಿವೆ.

ಈ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣವುಂಟು. 1990ರಲ್ಲಿ ವಿಶ್ವಸಂಸ್ಥೆಯು ಅಕ್ಟೋಬರ್ 1ನ್ನು ಹಿರಿಯರ ದಿನವೆಂದು ಗೊತ್ತುಮಾಡಿತು. ಅಂದಿನಿಂದ ನಮ್ಮ ನಗರಗಳಲ್ಲಿಯೂ ಆ ದಿನ ಸಮಾರಂಭಗಳು ನಡೆಯುತ್ತಿವೆ. ಕಾಲೇಜಿನ ಹುಡುಗರು ಹಣ್ಣಿನ ಬುಟ್ಟಿ ಹಿಡಿದುಕೊಂಡು ವೃದ್ಧಾಶ್ರಮಕ್ಕೆ ಹೋಗುತ್ತಾರೆ. ಹಿರಿಯರಿಗೆ ಶಾಲು ಹೊದಿಸುತ್ತಾರೆ, ಭಾಷಣ ಮಾಡುತ್ತಾರೆ, ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಸಮಾರಂಭ ಮುಗಿದ ಮೇಲೆ ಶಾಲು ಪೆಟ್ಟಿಗೆಗೆ ಸೇರುತ್ತದೆ, ಹಿರಿಯರು ಮೂಲೆಗೆ ಸೇರುತ್ತಾರೆ. ಇದರಲ್ಲಿ ಗೌರವವಿಲ್ಲವೆಂದು ನಾನು ಹೇಳಲಾರೆ, ಗೌರವವಿದೆ. ಆದರೆ ಕೆಲಸವಿಲ್ಲ. ಎರಡು ವಯಸ್ಸಿನವರು ಸೇರಿ ಮಾಡಬೇಕಾದ ಕೆಲಸವೊಂದಿಲ್ಲದಿದ್ದರೆ ಅವರ ಭೇಟಿ ನೆಂಟರ ಮನೆಯ ಚಹದಷ್ಟೇ ಹೊತ್ತು ಬಾಳುತ್ತದೆ. ನಮ್ಮ ಹಿಂದಿನವರು ಈ ಕೆಲಸವನ್ನು ಹೇಗೆ ಕಂಡುಕೊಂಡರು ಎಂಬುದೇ ಈ ಲೇಖನದ ವಿಷಯ.

ಮೊದಲು ಕಲ್ಯಾಣಕ್ಕೆ ಹೋಗೋಣ. ಇಂದಿನ ಬಸವಕಲ್ಯಾಣವು ನಮ್ಮ ಜಿಲ್ಲೆಯ ತಾಲ್ಲೂಕು. ಹನ್ನೆರಡನೆಯ ಶತಮಾನದಲ್ಲಿ, ಬಿಜ್ಜಳನ ಕಾಲದಲ್ಲಿ, ಇಲ್ಲಿ ಬಸವಣ್ಣನವರ ಸುತ್ತ ಕೂಡಿದ ಶರಣರ ಗೋಷ್ಠಿಯನ್ನೇ ನಾವು ಅನುಭವ ಮಂಟಪವೆಂದು ಕರೆಯುತ್ತೇವೆ. ಅದೊಂದು ಕಟ್ಟಡವೋ, ಕೂಟವೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಅಲ್ಲಿನ ಸಂವಾದಗಳನ್ನು ಹೆಣೆದು ಹೇಳುವ 'ಶೂನ್ಯಸಂಪಾದನೆ'ಯೂ ಶತಮಾನಗಳ ಅನಂತರ, ಹದಿನೈದನೆಯ ಶತಮಾನದಿಂದೀಚೆಗೆ, ಸಂಕಲನಗೊಂಡದ್ದು. ಇರಲಿ. ಕಟ್ಟಡದ ಕಲ್ಲು ಸಿಕ್ಕಲಿ ಬಿಡಲಿ, ಆ ಗೋಷ್ಠಿಯ ರೀತಿಯನ್ನು ಕನ್ನಡ ಜನತೆ ಹೇಗೆ ನೆನಪಿನಲ್ಲಿ ಇಟ್ಟುಕೊಂಡಿತು ಎಂಬುದೇ ಒಂದು ಚಾರಿತ್ರಿಕ ಸಂಗತಿ.

ಆ ನೆನಪಿನ ಪ್ರಕಾರ ಶೂನ್ಯಸಿಂಹಾಸನದ ಮೇಲೆ ಕುಳಿತವನು ಅಲ್ಲಮಪ್ರಭು. ಅವನ ಅನಂತರ ಆ ಪೀಠಕ್ಕೆ ಬಂದವನು ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಮಗ, ಎಳೆಯ ವಯಸ್ಸಿನ ಚನ್ನಬಸವಣ್ಣ. ಸೋದರಮಾವನ ವಯಸ್ಸಿನವರೆಲ್ಲ ಕುಳಿತಿದ್ದ ಸಭೆಯಲ್ಲಿ ಹುಡುಗನೊಬ್ಬನ ಮಾತಿಗೆ ಅಧಿಕಾರ ಸಿಕ್ಕಿತು. ಇನ್ನು ಉಡುತಡಿಯಿಂದ ನಡೆದು ಬಂದ ಮಹಾದೇವಿಯ ಪ್ರಸಂಗ ಎಲ್ಲರಿಗೂ ತಿಳಿದುದೇ. ಅವಳು ಬಂದಾಗ ಸಭೆ ಹಾರ ಹಾಕಿ ಬರಮಾಡಿಕೊಳ್ಳಲಿಲ್ಲ, ಪ್ರಶ್ನೆಗಳಿಂದ ಎದುರುಗೊಂಡಿತು. ಅಲ್ಲಮನು ಅವಳನ್ನು ನಿಲ್ಲಿಸಿ ಕೇಳಿದ ಪ್ರಶ್ನೆಗಳು ಮೆತ್ತಗಿನವಲ್ಲ. ಅವಳ ಉತ್ತರಗಳೂ ಹಾಗೆಯೇ. ಕೊನೆಗೆ ಏನಾಯಿತು? ವಯಸ್ಸಿನಲ್ಲಿ ಎಷ್ಟೋ ಜನರಿಗಿಂತ ಕಿರಿಯಳಾದ ಆ ಹೆಣ್ಣುಮಗಳನ್ನು ಸಭೆಯ ಹಿರಿಯರೆಲ್ಲ 'ಅಕ್ಕ' ಎಂದು ಕರೆದರು. ಕನ್ನಡದ ಒಂದು ನಂಟಿನ ಮಾತು ವಯಸ್ಸಿನ ಲೆಕ್ಕವನ್ನೇ ತಲೆಕೆಳಗು ಮಾಡಿದ ಘಳಿಗೆ ಅದು. ಗೌರವವನ್ನು ಪರೀಕ್ಷೆಯ ಮುನ್ನ ಕೊಡಲಿಲ್ಲ, ಪರೀಕ್ಷೆಯ ಅನಂತರ ಕೊಟ್ಟರು ಎಂಬುದನ್ನು ಓದುಗರು ಗಮನಿಸಬೇಕು. ಹಿರಿಯರು ಕಿರಿಯರನ್ನು ನಿಜವಾಗಿ ಲಕ್ಷ್ಯಕ್ಕೆ ತಂದುಕೊಂಡಿದ್ದಾರೆ ಎನ್ನುವುದಕ್ಕೆ ಗುರುತು ಮೆಚ್ಚುಗೆಯಲ್ಲ, ಪ್ರಶ್ನೆ.

ಕಲ್ಯಾಣದಿಂದ ಬೀದರಕ್ಕೆ ಬಂದರೆ ಮೂರು ಶತಮಾನ ದಾಟಿದಂತಾಗುತ್ತದೆ. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ ಗಾವಾನನು ಇರಾನಿನ ಗಿಲಾನ್ ಸೀಮೆಯಿಂದ ಬಂದವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಇಂದಿಗೂ ನಮ್ಮ ಪೇಟೆಯ ನಡುವೆ ನಿಂತಿದೆ. ಹದಿನೇಳನೆಯ ಶತಮಾನದ ಕೊನೆಗೆ ಸಿಡಿಮದ್ದಿನ ಸ್ಫೋಟದಿಂದ ಅದರ ಒಂದು ಪಾರ್ಶ್ವ ಬಿದ್ದುಹೋಯಿತು. ಉಳಿದ ಭಾಗದ ನೀಲಿ ಹಸಿರು ಹೆಂಚುಗಳನ್ನು ಪ್ರವಾಸಿಗರು ಬೆರಗಿನಿಂದ ನೋಡುತ್ತಾರೆ. ನಾನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಹೆಂಚಿಗಿಂತ ಅಂಗಳವನ್ನು ನೋಡಿರೆಂದು ಹೇಳುತ್ತೇನೆ. ಒಂದೇ ಅಂಗಳದ ಸುತ್ತ ಪಾಠದ ಹಜಾರಗಳು, ವಿದ್ಯಾರ್ಥಿಗಳ ಕೋಣೆಗಳು, ಅಧ್ಯಾಪಕರ ಬಿಡಾರಗಳು, ಒಂದು ಮಸೀದಿ, ಒಂದು ಗ್ರಂಥಾಲಯ. ಪಾಠ ಮುಗಿದ ಕೂಡಲೆ ಗುರು ಒಂದು ದಿಕ್ಕಿಗೆ, ಶಿಷ್ಯ ಒಂದು ದಿಕ್ಕಿಗೆ ಹೋಗುವಂತಿರಲಿಲ್ಲ. ವಯಸ್ಸಾದವರ ಕೆಮ್ಮು ಹುಡುಗರಿಗೆ ಕೇಳಬೇಕು, ಹುಡುಗರ ಗದ್ದಲ ವಯಸ್ಸಾದವರಿಗೆ ಕೇಳಬೇಕು. ಕಟ್ಟಡದ ಯೋಜನೆಯೇ ಅಂಥದು.

ಅದೇ ಬೀದರದ ಇನ್ನೊಂದು ವಿದ್ಯೆ ಬಿದರಿ ಕೆಲಸ. ಇದಕ್ಕೆ ಮದರಸಾ ಬೇಕಾಗಲಿಲ್ಲ; ಕುಲುಮೆಯ ಮುಂದಿನ ಮಣೆ ಸಾಕಾಯಿತು. ಸತುವು ಹದಿನಾರು ಪಾಲು, ತಾಮ್ರ ಒಂದು ಪಾಲು ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೆತ್ತಿ, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಅದ್ದಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ; ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಸರಿಯಾದುದೆಂದು ಕಸಬಿನವರು ನಾಲಿಗೆಯ ಮೇಲೆ ಇಟ್ಟು ನೋಡುತ್ತಾರೆ. ಹದಿನಾರಕ್ಕೆ ಒಂದೆಂಬ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಬಹುದು, ಮಣ್ಣಿನ ರುಚಿಯನ್ನು ಬರೆದಿಡಲಾಗುವುದಿಲ್ಲ. ಅದನ್ನು ಕಲಿಯಬೇಕಾದರೆ ಮುದುಕನ ಪಕ್ಕದಲ್ಲಿ ಹುಡುಗ ಕುಳಿತುಕೊಳ್ಳಲೇಬೇಕು. ತಂದೆಯಿಂದ ಈ ಕಸಬು ಕಲಿತ ನಮ್ಮೂರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಪ್ರಶಸ್ತಿ ಒಬ್ಬರಿಗೆ ಬಂದರೂ ಅದರ ಹಿಂದೆ ಒಬ್ಬರ ಪಕ್ಕ ಒಬ್ಬರು ಕುಳಿತ ಹಲವು ತಲೆಮಾರುಗಳಿವೆ.

ಇಲ್ಲಿಯವರೆಗೆ ಹೇಳಿದುದೆಲ್ಲ ಕೊಂಡಿ ಕೂಡಿದ ಕಥೆ. ಕೊಂಡಿ ಕಳಚಿದ ಕಥೆಯೂ ನಮ್ಮ ಜಿಲ್ಲೆಗೆ ಇದೆ. ನಿಜಾಮರ ಆಳ್ವಿಕೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಕಚೇರಿಯಲ್ಲಿ ಪಾರ್ಸಿಯ ಸ್ಥಾನಕ್ಕೆ ಉರ್ದು ಬಂದಿತು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವನ್ನೇ ಬೋಧನ ಮಾಧ್ಯಮವನ್ನಾಗಿ ಇಟ್ಟುಕೊಂಡು ಪ್ರಾರಂಭವಾಯಿತು. ಇಂಗ್ಲಿಷಿನ ಹಂಗಿಲ್ಲದೆ ದೇಶಭಾಷೆಯೊಂದರಲ್ಲಿ ವಿಜ್ಞಾನವನ್ನೂ ವೈದ್ಯವನ್ನೂ ಕಲಿಸಬಹುದೆಂದು ತೋರಿಸಿದ ಆ ಪ್ರಯೋಗಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಉರ್ದು ಸೊಗಸಾದ ಭಾಷೆ. ಅದರ ಮೇಲೆ ಯಾರಿಗೂ ಮುನಿಸಿರಬೇಕಾಗಿಲ್ಲ. ಆದರೆ ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ತೆಲುಗನ್ನೋ ಆಡುವ ಮಗುವಿಗೆ ಶಾಲೆಯ ಬಾಗಿಲು ಬೇರೊಂದು ಭಾಷೆಯಲ್ಲಿ ಮಾತ್ರ ತೆರೆಯಿತು. ಹುಡುಗ ಕಲಿತ ಅಕ್ಷರ ಅಜ್ಜಿಯ ಹಾಡನ್ನು ಬರೆದುಕೊಳ್ಳುವುದಕ್ಕೆ ಬರಲಿಲ್ಲ. ಅಜ್ಜಿಯ ಹಾಡು ಹುಡುಗನ ಪರೀಕ್ಷೆಗೆ ಬರಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರೂ ಇದ್ದರು, ಆದರೆ ಒಬ್ಬರ ಸಂಪತ್ತು ಇನ್ನೊಬ್ಬರ ಕೈಗೆ ದಾಟುವ ದಾರಿ ಮುಚ್ಚಿಹೋಗಿತ್ತು.

ಆ ದಾರಿಯನ್ನು ತೆರೆಯಲು ಹೊರಟವರಲ್ಲಿ ಮುಖ್ಯರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. 1889ರಲ್ಲಿ ಕಮಲನಗರದಲ್ಲಿ ಹುಟ್ಟಿದ ಅವರು 1924ರಲ್ಲಿ ಮಠದ ಅಧಿಕಾರ ವಹಿಸಿಕೊಂಡರು. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ: ಅವರ ಶಾಲೆಯ ಈ ಸಂಗತಿಯನ್ನು ನಮ್ಮ ಜಿಲ್ಲೆಯಲ್ಲಿ ಹೇಳದವರಿಲ್ಲ. ಕೇಳುವುದಕ್ಕೆ ಇದೊಂದು ಜಾಣತನದ ಕಥೆಯಂತೆ ತೋರುತ್ತದೆ. ಸ್ವಲ್ಪ ಯೋಚಿಸಿದರೆ ಅದರ ತೂಕ ತಿಳಿಯುತ್ತದೆ. ಆ ಶಾಲೆಯಿಂದ ಸಂಜೆ ಮನೆಗೆ ಹೋದ ಮಗು ಹಲಗೆಯ ಮೇಲೆ ಬರೆದುಕೊಂಡು ಹೋದದ್ದು ಮನೆಯ ಹಿರಿಯರು ಜೀವಮಾನವಿಡೀ ಆಡಿದ, ಆದರೆ ಕಣ್ಣಿನಿಂದ ಎಂದೂ ಕಾಣದ ಮಾತನ್ನು. ಭಜನೆಯ ಪದ ಬಾಯಲ್ಲಿದ್ದವರಿಗೆ ಆ ಪದದ ಆಕಾರವನ್ನು ಮೊದಲು ತೋರಿಸಿದ್ದು ಮಕ್ಕಳ ಬಳಪ. ಪಟ್ಟದ್ದೇವರು ನೂರು ವರ್ಷವನ್ನು ಮೀರಿ ಬಾಳಿ 1999ರಲ್ಲಿ ಕಣ್ಮರೆಯಾದರು. ಕೊನೆಕೊನೆಯ ವರ್ಷಗಳಲ್ಲಿ ಅವರು ಜಿಲ್ಲೆಯ ಅತ್ಯಂತ ಹಿರಿಯರಲ್ಲೊಬ್ಬರು. ಆದರೆ ಅವರ ಕೆಲಸವೆಲ್ಲ ಅತ್ಯಂತ ಕಿರಿಯರ ಜೊತೆ ನಡೆದದ್ದು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು; ಜಹೀರಾಬಾದ, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೆ ಹೋದವು; ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಕಲ್ಯಾಣದ ಸೀಮೆ ಮೈಸೂರು ರಾಜ್ಯಕ್ಕೆ ಬಂದಿತು. ಗಡಿಗೆರೆ ಒಂದು ರಾತ್ರಿಯಲ್ಲಿ ಬದಲಾಗಬಹುದು, ಲಿಪಿ ಬದಲಾಗುವುದಿಲ್ಲ. ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿ ಅರ್ಜಿ ಬರೆದು, ಉರ್ದುವಿನಲ್ಲಿ ರುಜು ಹಾಕುತ್ತಿದ್ದ ನಡುವಯಸ್ಸಿನವರು ಕನ್ನಡದ ಕಚೇರಿಗೆ ಹೊಂದಿಕೊಳ್ಳಬೇಕಾಯಿತು. ಮಕ್ಕಳು ಕನ್ನಡ ಶಾಲೆಗೆ ಹೋಗತೊಡಗಿದರು. ಎಷ್ಟೋ ಮನೆಗಳಲ್ಲಿ ಮಗನ ಒಂದನೆಯ ಇಯತ್ತೆಯ ಪುಸ್ತಕವೇ ತಂದೆಗೂ ಪಠ್ಯಪುಸ್ತಕವಾಯಿತು. ಮರ ಬಗ್ಗಿತು, ಬಗ್ಗದೆ ಬದುಕಿಲ್ಲವೆಂದು ಬಗ್ಗಿತು.

ಈ ಕಲಿಕೆಯನ್ನು ಮನೆಯಿಂದ ಹೊರಗೆ ತಂದು ಸಾರ್ವಜನಿಕ ಕಾರ್ಯವನ್ನಾಗಿ ಮಾಡಿದ ಕೀರ್ತಿ ಹಳೆಯ ಮೈಸೂರಿನ ಕಾಲೇಜು ಹುಡುಗರಿಗೂ ಸಲ್ಲಬೇಕು. 1940ರ ಸುಮಾರಿಗೆ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಬಿಡುವಿನ ವೇಳೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸ ಹಿಡಿದರು. ಆ ಪ್ರಯತ್ನವೇ ಬೆಳೆದು ವಯಸ್ಕರ ಶಿಕ್ಷಣ ಸಮಿತಿಯ ರೂಪ ತಾಳಿತು. ಅಕ್ಷರ ಕಲಿತವರು ಓದಲಿಕ್ಕೇನೂ ಇಲ್ಲದೆ ಮತ್ತೆ ಮರೆತುಬಿಡಬಾರದೆಂದು ಸಮಿತಿಯು 'ಬೆಳಕು' ಎಂಬ ವಾರಪತ್ರಿಕೆಯನ್ನೂ 'ಪುಸ್ತಕ ಪ್ರಪಂಚ' ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿತು. ಅಲ್ಲಿಂದ ಮುಂದೆ 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಶತಮಾನೋತ್ಸವದ ವರ್ಷದಲ್ಲಿ, ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾ. ವಿ. ಕೆ. ಆರ್. ವಿ. ರಾಯರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಪ್ರಾರಂಭಿಸಿದರು. 1978ರ ಗಾಂಧಿ ಜಯಂತಿಯಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಬಂದಿತು. 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಪ್ರಾರಂಭವಾಯಿತು.

1990ರ ಫೆಬ್ರವರಿಯಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾದ ಮೇಲೆ ಈ ಆಂದೋಲನಕ್ಕೆ ಎಲ್ಲಿಲ್ಲದ ಹುರುಪು ಬಂದಿತು. 1990ರ ದಶಕದ ಆರಂಭದಲ್ಲಿ ಬೀದರ ಜಿಲ್ಲೆಯಲ್ಲಿಯೂ ಸಾಕ್ಷರತಾ ಆಂದೋಲನ ನಡೆಯಿತು. ಅಂದು ಹೈಸ್ಕೂಲು, ಕಾಲೇಜು ಓದುತ್ತಿದ್ದ ಹುಡುಗ ಹುಡುಗಿಯರು ಯಾವ ಸಂಬಳವೂ ಇಲ್ಲದೆ ಕಂದೀಲು, ಹಲಗೆ, ಮೂರು ಭಾಗದ ಪಾಠಪುಸ್ತಕ ಹಿಡಿದುಕೊಂಡು ಗುಡಿಯ ಕಟ್ಟೆ, ಮನೆಯ ಪಡಸಾಲೆಗಳಲ್ಲಿ ಪಾಠ ಹೇಳಿದರು. 1991ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರರು ನೂರಕ್ಕೆ ಸುಮಾರು 45. ಹೆಂಗಸರಲ್ಲಿ ಅದು ಸುಮಾರು 30 ಮಾತ್ರ. 2001ರಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 61ಕ್ಕೂ 2011ರಲ್ಲಿ ಸುಮಾರು 70ಕ್ಕೂ ಏರಿತು. ಈ ಏರಿಕೆಯೆಲ್ಲ ಆಂದೋಲನದಿಂದಲೇ ಬಂದಿತೆನ್ನುವುದು ಸರಿಯಲ್ಲ. ಶಾಲೆಗಳು ಹೆಚ್ಚಿದುವು, ಅವುಗಳಿಗೆ ಹೋಗುವ ಮಕ್ಕಳೂ ಹೆಚ್ಚಿದರು. ಆದರೂ ಸೊಸೆಯ ಎದುರಿಗೆ ಅತ್ತೆ ಸ್ಲೇಟು ಹಿಡಿದು ಕುಳಿತ ಆ ವರ್ಷಗಳು ಜಿಲ್ಲೆಯ ಸಾಮಾಜಿಕ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಈ ಸಂದರ್ಭದಲ್ಲಿ ಒಂದು ಅಂಕಿಯನ್ನು ಮರೆಯುವಂತಿಲ್ಲ. ಸಾಕ್ಷರತಾ ಮಿಷನ್ನಿನ ಮುಖ್ಯ ಗುರಿ 15ರಿಂದ 35 ವರ್ಷದವರು. ದುಡಿಯುವ ವಯಸ್ಸಿನವರಿಗೆ ಮೊದಲು ಅಕ್ಷರ ಬರಲಿ ಎಂಬ ವಿವೇಚನೆ ಅದರಲ್ಲಿತ್ತು; ಹಣ, ಕಾಲ ಎರಡೂ ಮಿತವಾಗಿರುವಾಗ ಎಲ್ಲಿಯೋ ಒಂದು ಗೆರೆ ಎಳೆಯಲೇಬೇಕಾಗುತ್ತದೆ. ಆದರೆ ಆ ಗೆರೆಯ ಆಚೆ ನಿಂತವರು ಯಾರು? 1990ರಲ್ಲಿ ಅರವತ್ತು ತುಂಬಿದ್ದ ಮುದುಕಿ. ಅವಳ ಬಾಲ್ಯದಲ್ಲಿ ಶಾಲೆಯಲ್ಲಿ ಅವಳ ಭಾಷೆಯಿರಲಿಲ್ಲ. ಅವಳ ಭಾಷೆ ಶಾಲೆಗೆ ಬಂದ ಮೇಲೆ ಅವಳಿಗೆ ಬಾಲ್ಯವಿರಲಿಲ್ಲ. ಕೊನೆಗೆ ಅಕ್ಷರವೇ ಮನೆಬಾಗಿಲಿಗೆ ಬಂದಾಗ ಅವಳ ಹೆಸರು ಪಟ್ಟಿಯಲ್ಲಿರಲಿಲ್ಲ. ಗಾದೆಯ ಮಾತನ್ನು ಸರಕಾರದ ಕಾಗದವೂ ಒಪ್ಪಿಕೊಂಡಂತಾಯಿತು. ಸುಧಾರಣೆ ಬಂದುದು ಆಮೇಲೆ. 2009ರ 'ಸಾಕ್ಷರ ಭಾರತ'ವೂ, 2022ರಿಂದ 2027ರವರೆಗೆಂದು ರೂಪಿಸಿದ ನವಭಾರತ ಸಾಕ್ಷರತಾ ಕಾರ್ಯಕ್ರಮವೂ 15 ವರ್ಷಕ್ಕೆ ಮೇಲ್ಪಟ್ಟ ಎಲ್ಲರನ್ನೂ ಒಳಗೊಂಡುವು, ಮೇಲುಮಿತಿಯನ್ನು ತೆಗೆದುಹಾಕಿದುವು. 'ಉಲ್ಲಾಸ್' ಎಂಬ ಹೆಸರಿನಿಂದ ನಡೆಯುವ ಈ ಎರಡನೆಯದರಲ್ಲಿ ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರೇ.

ನನ್ನ ವಿದ್ಯಾರ್ಥಿಗಳ ಸೇವಾ ಶಿಬಿರಗಳಲ್ಲಿ ಕಂಡ ಎರಡು ಸಂಗತಿಗಳನ್ನು ಇಲ್ಲಿ ಹೇಳಿದರೆ ಅಪ್ರಸ್ತುತವಾಗಲಾರದು. ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಿ. ಎ. ಓದುವ ಹುಡುಗಿಯೊಬ್ಬಳು ಎಪ್ಪತ್ತು ದಾಟಿದ ಹೆಂಗಸಿಗೆ ಹೆಸರು ಬರೆಯಲು ಕಲಿಸುತ್ತಿದ್ದಳು. ಹಲಗೆಯ ಮೇಲೆ ಮೂರೇ ಅಕ್ಷರ ಮೂಡಿದುವು. ಆಯಿ ಅದನ್ನು ಬಹಳ ಹೊತ್ತು ನೋಡಿ, "ನನ್ನ ಹೆಸರು ಇಷ್ಟ ಸಣ್ಣ ಅದ ಏನ ಯವ್ವಾ?" ಎಂದಳು. ನಾವೆಲ್ಲ ನಕ್ಕೆವು, ಅವಳು ನಗಲಿಲ್ಲ. ಎಪ್ಪತ್ತು ವರ್ಷ ಹೆಬ್ಬೆಟ್ಟಿನ ಮಸಿಯ ಹಿಂದೆ ಅಡಗಿದ್ದ ಹೆಸರನ್ನು ಅವಳು ಅಂದು ಮೊದಲ ಸಲ ಅಳೆದು ನೋಡುತ್ತಿದ್ದಳು.

ಇನ್ನೊಂದು ಹಳ್ಳಿಯಲ್ಲಿ ಕಲಿಕೆಯ ದಿಕ್ಕು ತಿರುಗಿತು. ಶಿಬಿರಕ್ಕೆ ಬಂದಿದ್ದ ಹುಡುಗನೊಬ್ಬನ ಮನೆಯಲ್ಲಿ ಜಮೀನಿನ ಹಳೆಯ ಕಾಗದವೊಂದಿತ್ತು, ಅದೆಲ್ಲ ಉರ್ದು. ಮನೆಯಲ್ಲಿ ಓದುವವರಿಲ್ಲ. ಆ ಹಳ್ಳಿಯಲ್ಲಿ ನಿಜಾಮರ ಕಾಲದಲ್ಲಿ ನಾಲ್ಕನೆಯ ಇಯತ್ತೆ ಓದಿದ್ದ ಮುತ್ಯಾ ಒಬ್ಬರಿದ್ದರು. ಕನ್ನಡದ ಪತ್ರಿಕೆ ಅವರಿಗೆ ಓದಲು ಬಾರದು. ಆದುದರಿಂದ ನಮ್ಮ ಹುಡುಗರು ಅವರನ್ನು ಅನಕ್ಷರಸ್ಥರ ಪಟ್ಟಿಯಲ್ಲಿ ಬರೆದುಕೊಂಡಿದ್ದರು! ಮುತ್ಯಾ ಕನ್ನಡಕ ಏರಿಸಿಕೊಂಡು ಆ ಕಾಗದವನ್ನು ಎದೆಯ ಹತ್ತಿರ ಹಿಡಿದು, ಬಲದಿಂದ ಎಡಕ್ಕೆ ಬೆರಳಾಡಿಸುತ್ತ, ಸರ್ವೆ ನಂಬರು, ಚಕ್ಕುಬಂದಿ, ಸಾಕ್ಷಿಗಳ ಹೆಸರು ಎಲ್ಲವನ್ನೂ ಕನ್ನಡದಲ್ಲಿ ಹೇಳಿಬಿಟ್ಟರು. ಹುಡುಗ ಬರೆದುಕೊಂಡ. "ನಾ ನಿಮಗ ಓದಿ ಹೇಳ್ತೀನಿ, ನೀವು ನನಗ ಪೇಪರ್ ಓದಿ ಹೇಳ್ರಿ" ಎಂದರು ಮುತ್ಯಾ. ಅಂದು ಸಂಜೆ ಆ ಪಟ್ಟಿಯಿಂದ ಅವರ ಹೆಸರನ್ನು ತೆಗೆದೆವು. ಸಾಕ್ಷರನೆಂದರೆ ಯಾರು, ಯಾವ ಅಕ್ಷರಕ್ಕೆ ಸಾಕ್ಷರ ಎಂಬ ಪ್ರಶ್ನೆಯನ್ನು ಆ ವರ್ಷದ ತರಗತಿಯಲ್ಲಿ ನಾನು ಯಾವ ಪುಸ್ತಕದ ನೆರವೂ ಇಲ್ಲದೆ ಚರ್ಚಿಸಬಹುದಾಯಿತು.

ಹಿರಿಯರ ಬಾಯಿಂದ ಕಿರಿಯರು ಬರೆದುಕೊಂಡರೆ ಏನಾಗಬಹುದೆನ್ನುವುದಕ್ಕೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿಯೇ ದೊಡ್ಡ ನಿದರ್ಶನವಿದೆ. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರು, ಇನ್ನೂ ಹರೆಯದಲ್ಲಿದ್ದಾಗಲೇ ಮನೆಮನೆಯ ಹೆಂಗಸರಿಂದ ಬೀಸುವ ಕುಟ್ಟುವ ಹಾಡುಗಳನ್ನು ಸಂಗ್ರಹಿಸಿದರು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ಶಿಷ್ಟಸಾಹಿತ್ಯದವರು ಆವರೆಗೆ ಸಾಹಿತ್ಯವೆಂದೇ ಎಣಿಸದಿದ್ದ ಸಂಪತ್ತು ಆ ಪುಸ್ತಕದಿಂದ ಪಂಡಿತರ ಮೇಜಿನ ಮೇಲೆ ಬಂದು ಕುಳಿತಿತು. ಅಂದು ಆ ತರುಣರು ಹೋಗಿ ಕೇಳದಿದ್ದರೆ, ಬೀಸುವ ಕಲ್ಲಿನ ಬದಲು ಗಿರಣಿ ಬಂದ ಮೇಲೆ, ಆ ಹಾಡುಗಳಲ್ಲಿ ಎಷ್ಟು ಉಳಿಯುತ್ತಿದ್ದುವು? ನಮ್ಮ ಬೀದರ ಸೀಮೆಯಲ್ಲಿಯೂ ಸೀಗಿ ಹುಣ್ಣಿಮೆಯ ಹೊತ್ತಿಗೆ ಹೆಣ್ಣುಮಕ್ಕಳು ಹಾಡುವ ಭುಲಾಯಿ ಪದಗಳಿವೆ, ಮೊಹರಂ ಪದಗಳಿವೆ, ಕಣದಲ್ಲಿ ಹಾಡುವ ಹಂತಿ ಪದಗಳಿವೆ. ಕಣಗಳಿಗೆ ಯಂತ್ರ ಬಂದಿದೆ. ಪದ ಬಲ್ಲವರು ಇನ್ನೂ ಕೆಲವರಿದ್ದಾರೆ.

ಹೊರನಾಡುಗಳಲ್ಲಿಯೂ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ. ಅಮೆರಿಕದಲ್ಲಿ 1965ರಿಂದ, ವರಮಾನ ಕಡಮೆಯಿರುವ ಹಿರಿಯರನ್ನು ಆಸರೆ ಬೇಕಾದ ಮಕ್ಕಳಿಗೆ ಅಜ್ಜ ಅಜ್ಜಿಯರಂತೆ ಜೊತೆಗೂಡಿಸುವ ಯೋಜನೆಯೊಂದು ನಡೆದುಬಂದಿದೆ. 1973ರಲ್ಲಿ ಫ್ರಾನ್ಸಿನ ತುಲೂಸ್ ನಗರದಲ್ಲಿ ಪಿಯೇರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು ನಿವೃತ್ತರಿಗಾಗಿ 'ಮೂರನೆಯ ವಯಸ್ಸಿನ ವಿಶ್ವವಿದ್ಯಾನಿಲಯ'ವನ್ನು ತೆರೆದರು. ಹಾಲೆಂಡಿನ ಡೆವೆಂಟರ್ ಎಂಬ ಊರಿನ ಒಂದು ವೃದ್ಧರ ವಸತಿಯಲ್ಲಿ ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಟ್ಟರು. ಅದಕ್ಕೆ ಪ್ರತಿಯಾಗಿ ಅವರು ತಿಂಗಳಿಗೆ 30 ಗಂಟೆ ಹಿರಿಯರೊಡನೆ ಒಳ್ಳೆಯ ನೆರೆಯವರಂತೆ ಇರಬೇಕು. ಗಾವಾನನ ಅಂಗಳವನ್ನು ನಿತ್ಯ ನೋಡುವ ನಮಗೆ ಈ ಕೊನೆಯ ಏರ್ಪಾಡು ತೀರ ಹೊಸದೆಂದು ತೋರದು. ಈ ಎಲ್ಲ ಪ್ರಯೋಗಗಳಲ್ಲಿ ಸಮಾನವಾದ ಒಂದು ಅಂಶವಿದೆ: ಇಬ್ಬರಿಗೂ ಏನೋ ಬೇಕಾಗಿದೆ, ಇಬ್ಬರ ಬಳಿಯೂ ಕೊಡುವುದಕ್ಕೆ ಏನೋ ಇದೆ. ದಯೆಯೊಂದರ ಮೇಲೆಯೇ ಕಟ್ಟಿದ ಮನೆ ಅದಲ್ಲ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು. ತಂದೆತಾಯಿಗಳ ಪಾಲನೆಯನ್ನು ಮಕ್ಕಳ ಮೇಲೆ ಹೊರಿಸುವ ಕಾನೂನು 2007ರಲ್ಲಿ ಬಂದಿದೆ. ಕಾನೂನು ಅನ್ನವನ್ನು ಕೊಡಿಸಬಲ್ಲದು, ಔಷಧವನ್ನು ಕೊಡಿಸಬಲ್ಲದು, ಮಾತನ್ನು ಕೊಡಿಸಲಾರದು. ಮಾತು ನಡೆಯಬೇಕಾದರೆ ಇಬ್ಬರಿಗೂ ಒಂದು ಭಾಷೆ ಬೇಕು. ನನ್ನ ಕಳವಳ ಇರುವುದು ಇಲ್ಲಿ. ನಾನಿರುವ ಚಿದ್ರಿಯ ಬೀದಿಗಳಲ್ಲಿ ಬೆಳಿಗ್ಗೆ ಶಾಲೆಯ ವಾಹನಕ್ಕೆ ಕಾಯುವ ಮಕ್ಕಳ ಪಕ್ಕದಲ್ಲಿ ಚೀಲ ಹಿಡಿದು ನಿಂತಿರುವವರು ಬಹುಮಟ್ಟಿಗೆ ಅಜ್ಜ ಅಜ್ಜಿಯರೇ. ಚೀಲ ಹೊರುವುದಕ್ಕೆ ಅವರು ಬೇಕು. ಚೀಲದೊಳಗಿನ ಪುಸ್ತಕ ಅವರಿಗೆ ತಿಳಿಯದು, ಏಕೆಂದರೆ ಅದು ಇಂಗ್ಲಿಷ್. ಅಜ್ಜಿಯ ಹಾಡಾಗಲಿ, ಅಜ್ಜನ ಡೈರಿಯಾಗಲಿ ಆ ಮಗುವಿಗೆ ಓದಲು ಬಾರದು. ಮಗುವಿನ ಶಾಲೆಯ ಮಾತು ಒಂದು, ಮನೆಯ ಹಿರಿಯರ ಮಾತು ಇನ್ನೊಂದು. ನಿಜಾಮರ ಕಾಲದ ನಮ್ಮ ಅಜ್ಜಂದಿರ ಪಡಿಪಾಟಲನ್ನು ಬಲ್ಲವರಿಗೆ ಈ ನೋಟ ಹೊಸದೇನೂ ಅಲ್ಲ. ಒಂದು ವ್ಯತ್ಯಾಸವುಂಟು: ಅಂದು ಅದನ್ನು ಆಳುವವರು ಹೇರಿದರು, ಇಂದು ನಾವೇ ಶುಲ್ಕ ಕಟ್ಟಿ ತರಿಸಿಕೊಳ್ಳುತ್ತಿದ್ದೇವೆ.

ಇಂಗ್ಲಿಷ್ ಬೇಡವೆಂದು ಹೇಳುವ ಹಟ ನನ್ನದಲ್ಲ. ಹೊಟ್ಟೆಯ ಪ್ರಶ್ನೆಯನ್ನು ಬಲ್ಲೆ. ನಾನು ಹೇಳುವುದು ಇಷ್ಟೇ: ಶಾಲೆ ಮುಚ್ಚಿದ ಬಾಗಿಲನ್ನು ಊರು ತೆರೆಯಬೇಕು. ಇದಕ್ಕೆ ದೊಡ್ಡ ಯೋಜನೆ, ದೊಡ್ಡ ಅನುದಾನ ಬೇಕಾಗಿಲ್ಲ. ಪ್ರತಿಯೊಂದು ಕಾಲೇಜು ಒಂದು ಹಳ್ಳಿಯನ್ನೋ ಒಂದು ಬಡಾವಣೆಯನ್ನೋ ಹಿಡಿಯಲಿ. ವಾರಕ್ಕೆ ಒಂದು ಸಂಜೆ ಹುಡುಗರು ಹಿರಿಯರ ಬಳಿ ಹೋಗಲಿ. ಶಾಲು ಬೇಡ, ಒಂದು ಕೆಲಸ ಹಿಡಿದುಕೊಂಡು ಹೋಗಲಿ. ಮೊಬೈಲಿನಲ್ಲಿ ಪಿಂಚಣಿಯ ಲೆಕ್ಕ ನೋಡುವುದನ್ನು ಹುಡುಗ ಕಲಿಸಲಿ. ಹಳೆಯ ಕಾಗದ ಓದುವುದನ್ನು ಮುತ್ಯಾ ಕಲಿಸಲಿ. ಆಯಿಗೆ ಹೆಸರು ಬರೆಯಲು ಹುಡುಗಿ ಕಲಿಸಲಿ. ಭುಲಾಯಿ ಪದವನ್ನು ಆಯಿ ಕಲಿಸಲಿ. ಯಾರು ಯಾರಿಗೆ ಋಣಿ ಎಂಬುದು ಲೆಕ್ಕಕ್ಕೆ ಸಿಕ್ಕದಂತಾದರೆ ಆ ಕಾರ್ಯಕ್ರಮ ಗೆದ್ದಿತೆಂದು ತಿಳಿಯಬೇಕು.

ತಡಮಾಡುವುದಕ್ಕೆ ಮಾತ್ರ ಹೊತ್ತಿಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದು ಎಲ್ಲವನ್ನೂ ಕಣ್ಣಾರೆ ಕಂಡವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಅವರು ಓದಬಲ್ಲ ಲಿಪಿ, ಅವರು ಬಲ್ಲ ಹಾಡು, ಅವರು ಕಂಡ ಭಯ, ಅವರು ಉಂಡ ಸ್ನೇಹ ಯಾವ ಗ್ರಂಥಾಲಯದಲ್ಲಿಯೂ ಪೂರ್ತಿಯಾಗಿ ಸಿಕ್ಕುವುದಿಲ್ಲ.

2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದ ಅಂಗಡಿ ಮುಂಗಟ್ಟುಗಳ ಫಲಕಗಳಲ್ಲಿ ನೂರಕ್ಕೆ 60 ಭಾಗ ಕನ್ನಡವಿರಬೇಕು. ಒಳ್ಳೆಯದೇ. ಆದರೆ ಭಾಲ್ಕಿಯ ಪಟ್ಟದ್ದೇವರು ಫಲಕವನ್ನು ಬಿಟ್ಟುಕೊಟ್ಟು ಒಳಗಿನ ಪಾಠವನ್ನು ಉಳಿಸಿಕೊಂಡರು. ನಾವು ಒಳಗಿನ ಪಾಠವನ್ನು ಬಿಟ್ಟುಕೊಟ್ಟು ಫಲಕವೊಂದನ್ನೇ ಉಳಿಸಿಕೊಳ್ಳದಂತೆ ನೋಡಿಕೊಂಡರೆ ಸಾಕು. ಮರ ಬಗ್ಗುತ್ತದೆಂದು ನಮ್ಮ ನಾಡು ಆಗಲೇ ತೋರಿಸಿಕೊಟ್ಟಿದೆ. ಇನ್ನು ಅದರ ನೆರಳಿಗೆ ಬಂದು ಕುಳಿತುಕೊಳ್ಳಬೇಕಾದದ್ದು ಗಿಡದ ಸರದಿ.